ಕದಿರು ಕಟ್ಟಿದ ಚೀಲ

ಕೂತು ಉಣ್ಣಲಾಗದ ಕಾಯಿಲೆಯೊಂದಿದೆ. ಡಾಕ್ಟರು ಅದಕ್ಕೆ ಬೇರೆಯೇ ಹೆಸರು ಹೇಳಿದರು, ಉದ್ದದ ಹೆಸರು. ನನ್ನ ಮಟ್ಟಿಗೆ ಅದು ಇಷ್ಟೇ: ಒಂದು ಸೂರಿನ ಕೆಳಗೆ, ಊಟದ ಮುಂದೆ ಕಾಲು ಮಡಚಿ ಕೂತುಬಿಟ್ಟರೆ ನನ್ನ ರೈಲು ನನ್ನನ್ನು ಬಿಟ್ಟು ಹೋಗುತ್ತದೆ ಎಂಬ ಭಯ. ಹಾಗಾಗಿ ಬಹಳ ಕಾಲ ನಾನು ನಿಂತೇ ಉಂಡೆ, ಹೆಗಲಿಗೆ ಚೀಲ ಹಾಕಿಕೊಂಡೇ. ನಿಮ್ಮ ಮನೆಯಲ್ಲೋ ನಿಮ್ಮೂರಿನ ಬಸ್‌ಸ್ಟ್ಯಾಂಡಿನಲ್ಲೋ ಅಂಥವರು ಯಾರಾದರೂ ಇದ್ದರೆ, ಅಥವಾ ಅಂಥವರು ನೀವೇ ಆಗಿದ್ದರೆ, ಇದು ನಿಮಗೆ.

ನಾನು ಹುಟ್ಟಿದ್ದು ಗಂಗೊಳ್ಳಿಯ ಮೀನು ವ್ಯಾಪಾರದ ಮನೆಯಲ್ಲಿ. ಓದಿದ್ದು ಹೊಳೆಯಾಚೆ ಕುಂದಾಪುರದ ಕಾನ್ವೆಂಟಿನಲ್ಲಿ. ದಿನಾ ದೋಣಿ ದಾಟಿ ಹೋಗಬೇಕು. ಬಿಳಿ ಕ್ಯಾನ್‌ವಾಸ್ ಶೂಸ್ ಒದ್ದೆಯಾದರೆ ಸಿಸ್ಟರ್ ಬೈಯುತ್ತಿದ್ದರು. ಅವನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಮರಳಿನ ಮೇಲೆ ಓಡಿ ಬರುತ್ತಿದ್ದೆ, ಯಾವಾಗಲೂ ಲೇಟ್. ಅಂಬಿಗ ಗಳ ಊರಿ ದೋಣಿಯನ್ನು ಹಿಡಿದು ನಿಲ್ಲಿಸಿಕೊಂಡಿರುತ್ತಿದ್ದ. ದೋಣಿಯಲ್ಲಿದ್ದವರು ಗೊಣಗಿದರೆ, "ಹೆಣ್ ಬರ್ಲಿ, ಹೊಳಿ ಎಲ್ಲಿಗೂ ಓಡಿ ಹೋತಿಲ್ಲ" ಅನ್ನುತ್ತಿದ್ದ. ಅವನ ಮುಖ ಈಗ ನೆನಪಿಲ್ಲ. ಗಳದ ಸುತ್ತ ನೀರು ಸಣ್ಣಗೆ ಸುಳಿಯುತ್ತಿದ್ದದ್ದು ಮಾತ್ರ ಕಣ್ಣಿಗೆ ಕಟ್ಟಿದೆ.

ಆಮೇಲೆ ಮುಂಬೈ. ಹಡಗು ಕಂಪನಿಯೊಂದರಲ್ಲಿ ಸ್ಟೆನೋ. ಮದುವೆ, ಚಾಳಿನ ಒಂದು ಕೋಣೆ, ಮಕ್ಕಳಿಲ್ಲ, ಗಂಡ ಒಳ್ಳೆಯವರು. ಅವರು ಹೋದರು. ಚಾಳೂ ಹೋಯಿತು, ಅಲ್ಲಿ ಈಗ ಆಕಾಶಕ್ಕೆ ತಾಗುವ ಬಿಲ್ಡಿಂಗ್ ಇದೆಯಂತೆ. ಮೈದುನ ಒಂದು ದಿನ, "ಭಾಭಿ, ತವರಿಗೆ ಹೋಗಿ ಸ್ವಲ್ಪ ದಿನ ಇದ್ದು ಬನ್ನಿ" ಎಂದು ರೈಲು ಹತ್ತಿಸಿದ. ಬೈಂದೂರಿನಲ್ಲಿ ಇಳಿದೆ. ಗಂಗೊಳ್ಳಿಗೆ ಹೋಗುವ ಮೊದಲು ಒಂದು ಗಳಿಗೆ ಸುಧಾರಿಸಿಕೊಳ್ಳೋಣ ಅಂತ ಪ್ಲಾಟ್‌ಫಾರ್ಮಿನ ಸಿಮೆಂಟ್ ಬೆಂಚಿನಲ್ಲಿ ಕೂತೆ.

ಆಗ ಅವಳು ಮಾತಾಡಿದಳು.

ಸ್ಟೇಶನ್ನಿನ ಅನೌನ್ಸರ್. ನಿಮಗೆಲ್ಲ ಗೊತ್ತಿರುವ ಅದೇ ದನಿ. ಮೊದಲು ಕನ್ನಡದಲ್ಲಿ, ಆಮೇಲೆ ಹಿಂದಿಯಲ್ಲಿ, ಕಡೆಗೆ ಇಂಗ್ಲಿಷಿನಲ್ಲಿ. ಎಲ್ಲರಿಗೂ ಹೇಳುವುದನ್ನು ಹೇಳಿ ಮುಗಿಸಿ, ಸ್ವಲ್ಪ ತಡೆದು, ನಮ್ಮ ಸಿಸ್ಟರ್ ಮಾತಾಡುವ ಹಾಗೆ ಮೆತ್ತಗೆ ಅಂದಳು: "ಸುಗುಣಾ ಡಿಯರ್, ನಿನ್ನ ಟ್ರೇನ್ ಸ್ವಲ್ಪ ಲೇಟ್. ಎದ್ದು ಹೋಗಬೇಡ. ದಿ ಇನ್‌ಕನ್ವೀನಿಯನ್ಸ್ ಕಾಸ್ಡ್ ಈಸ್ ಡೀಪ್ಲಿ ರಿಗ್ರೆಟೆಡ್."

ನಗಬೇಡಿ. ಗಂಡ ಸತ್ತ ಮೇಲೆ, ಕೋಣೆ ಹೋದ ಮೇಲೆ, ನನಗಾದ ತೊಂದರೆಗೆ ಇಷ್ಟು ಆಳವಾಗಿ ವಿಷಾದಿಸಿದವರು ಅವಳೊಬ್ಬಳೇ.

ಕಾದೆ. ಮುಂಬೈಯವರು ನಾನು ಗಂಗೊಳ್ಳಿಯಲ್ಲಿದ್ದೇನೆ ಅಂದುಕೊಂಡರು. ಗಂಗೊಳ್ಳಿಯವರು ಮುಂಬೈಯಲ್ಲಿದ್ದೇನೆ ಅಂದುಕೊಂಡರು. ಎರಡರ ನಡುವೆ ಒಂದು ಬೆಂಚು. ಸ್ಟೇಶನ್ನಿನವರು ಕೂರಲು ಬಿಡದ ದಿನಗಳಲ್ಲಿ ಹೊರಗೆ ಆಟೋ ನಿಲ್ಲುವಲ್ಲಿ ಮರದ ಬುಡದಲ್ಲಿರುತ್ತಿದ್ದೆ. ಟೀ ಅಂಗಡಿಯವರು ಬನ್ ಕೊಟ್ಟರೆ "ಥ್ಯಾಂಕ್ ಯು ಸೋ ಮಚ್" ಅನ್ನುತ್ತಿದ್ದೆ, ಹಾಗಾಗಿ ಎಲ್ಲರ ಬಾಯಲ್ಲಿ ಇಂಗ್ಲಿಷಮ್ಮ ಆದೆ. ರೈಲುಗಳು ಬಂದವು, ಹೋದವು. ಯಾವುದೂ ನನ್ನದಲ್ಲ. ಮಳೆ ಬಂತು, ಹೋಯಿತು, ಮತ್ತೆ ಬಂತು. ಆ ಕಾಲವನ್ನು ನೆನೆದರೆ ಹಸಿವು, ಚಳಿ ಯಾವುದೂ ಮೊದಲು ನೆನಪಾಗುವುದಿಲ್ಲ. ಹಳಿಗಳ ಮೇಲೆ ಬಿಸಿಲು ನಡುಗುವುದು, ಮತ್ತು ಈಗ, ಇನ್ನೇನು ಈಗ, ಎಂಬ ಒಂದು ಸಿಹಿ. ರೋಗಕ್ಕೂ ಒಂದು ಸಿಹಿ ಇರುತ್ತದೆ. ಅದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳಿದೆ.

ಪ್ರಮೀಳಾ ಬಂದದ್ದು ಒಂದು ಬೆಳಿಗ್ಗೆ. ತಲ್ಲೂರಿನ ಹುಡುಗಿ, ಮನೆಯಿಲ್ಲದೆ ಕಾಯಿಲೆಯಲ್ಲಿ ಅಲೆಯುವ ಹೆಂಗಸರಿಗೆ ಮನೆ ಮಾಡಿಕೊಡುವ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ. ಅದೆಲ್ಲ ಆಗ ಅವಳು ಹೇಳಲಿಲ್ಲ.

"ಅಮ್ಮ, ನಾನೂ ಇಲ್ಲ್ ಕೂಕಣ್ಲಾ?"

"ದಿಸ್ ಸೀಟ್ ಈಸ್ ಟೇಕನ್," ಅಂದೆ.

"ಯಾರ್ ಬತ್ರ್?"

"ಗೊತ್ತಿಲ್ಲ."

"ಹಂಗಾರೆ ಅವ್ರ್ ಬಪ್ಪಲ್ಲಿವರಿಗ್ ನಾನ್ ಕೂಕಂತೆ. ಬಂದ್ ಕೂಡ್ಲೇ ಎದ್ಕಂತೆ."

ಮರುದಿನವೂ ಬಂದಳು. ಅದರ ಮರುದಿನವೂ. ಟೀ ತರುವಳು, ಕೂರುವಳು, ಹೋಗುವಳು. ನನಗೆ ಸ್ನಾನ ಮಾಡಿಸಬೇಕು, ಕೂದಲು ಕತ್ತರಿಸಬೇಕು ಎಂಬ ಅವಸರ ಅವಳಲ್ಲಿ ಇರಲಿಲ್ಲ. ಕೊನೆಗೆ ಒಂದು ದಿನ, "ಕುಂದಾಪ್ರದಗ್ ಒಬ್ರ್ ಡಾಕ್ಟ್ರಮ್ಮ ಇದ್ರ್, ಹೋಪನಾ?" ಅಂದಳು. "ಅಲ್ಲೂ ಕಾಯ್ಕ್, ಹೇಳ್ತೆ. ವೇಟಿಂಗ್ ರೂಮಗ್ ತುಂಬಾ ಹೊತ್ ಕಾಯ್ಕ್."

ವೇಟಿಂಗ್ ರೂಮ್ ಇದೆ ಅಂದಳಲ್ಲ, ಅದಕ್ಕೇ ಒಪ್ಪಿದೆ.

ಆ ಆಸ್ಪತ್ರೆಯ ಮೊಗಸಾಲೆಯಲ್ಲಿ ಒಬ್ಬರ ಪಕ್ಕ ಒಬ್ಬರು, ಯಾರೂ ಯಾರ ಮುಖವನ್ನೂ ನೋಡದೆ ಕೂತಿದ್ದೆವು. ಬೇರೆ ಕಾಯಿಲೆಯವರು "ನಿಮಗೆಂತ?" ಅಂತ ಕೇಳಿಕೊಳ್ಳುತ್ತಾರೆ, ಈ ಕಾಯಿಲೆಯವರು ಗೋಡೆಯ ಕ್ಯಾಲೆಂಡರ್ ನೋಡುತ್ತಾರೆ. ಡಾಕ್ಟ್ರಮ್ಮ ಚಿಕ್ಕ ವಯಸ್ಸಿನವರು. "ಆ ದನಿ ಈಗ ಏನಂತಿದೆ?" ಅಂತ ಕೇಳಿದರು.

"ಹೊರಗೆ ಅಷ್ಟು ಜನ ಇದ್ದಾರೆ, ಇವರ ಟೈಮ್ ವೇಸ್ಟ್ ಮಾಡಬೇಡ ಅಂತಿದೆ," ಅಂದೆ.

ಅವರು ನಕ್ಕರು. ನನ್ನನ್ನು ನೋಡಿ ನಗಲಿಲ್ಲ, ನನ್ನ ಜೊತೆ ನಕ್ಕರು. ಹೆಸರು ಹೇಳಿದರು: ಸ್ಕಿಜೋಫ್ರೇನಿಯಾ. ಬೆರಳಿನಿಂದ ಸೀರೆಯ ಮೇಲೆ ಅದನ್ನು ಶಾರ್ಟ್‌ಹ್ಯಾಂಡಿನಲ್ಲಿ ಬರೆದು ನೋಡಿದೆ, ಹಳೆಯ ಅಭ್ಯಾಸ. ಅಷ್ಟು ದೊಡ್ಡ ಶಬ್ದ ಒಂದು ಸಣ್ಣ ಕೊಂಕಿನಲ್ಲಿ ಮುಗಿದುಹೋಯಿತು. ಸ್ವಲ್ಪ ಧೈರ್ಯ ಬಂತು.

ನನ್ನನ್ನು ಅಲ್ಲೇ ವಾರ್ಡಿಗೆ ಸೇರಿಸಿದರು. ಪ್ರಮೀಳಾ ಸುದ್ದಿ ಮುಟ್ಟಿಸಿದ ಮೇಲೆ ತಮ್ಮನ ಹೆಂಡತಿ ಯಶೋದ ಬಂದಳು. ಬಾಗಿಲಲ್ಲೇ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು. "ಎಂತ ಅತ್ಗಿ ಇದ್? ನೀವ್ ಬೊಂಬಾಯಗ್ ಆರಾಮಿದ್ರಿ ಅಂದೇಳಿ ನಾವ್ ಇಲ್ಲ್ ಗ್ರೇಶ್ಕಂಡ್ ಕೂತಿದ್ದ್! ಬೈಂದೂರಗ್ ಇದ್ರಿ ಅಂದ್ರೆ... ನಾನೇ ಎಷ್ಟ್ ಸಲ ಆ ಸ್ಟೇಶನ್ ಎದ್ರ್ ಬಸ್ಸಗ್ ಹೋಯಿದ್ದೆ." ಅತ್ತು ಮುಗಿದ ಮೇಲೆ ಟಿಫಿನ್ ಬಿಚ್ಚಿದಳು. ನಾನು ಮಂಚದಿಂದ ಇಳಿದು ನಿಂತು ಉಂಡೆ. ಅದನ್ನು ಕಂಡು ಮತ್ತೆ ಅತ್ತಳು. ಮನೆಗೆ ಬನ್ನಿ ಎಂದು ಮನಸ್ಸಿನಿಂದಲೇ ಕರೆದಳು. ಆದರೆ ಗಂಗೊಳ್ಳಿಯಿಂದ ಬೈಂದೂರು ಹತ್ತಿರ, ಕಾಲು ತಾನಾಗಿ ಹೋಗುತ್ತದೆ ಅಂತ ನನಗೆ ಗೊತ್ತಿತ್ತು, ಡಾಕ್ಟ್ರಮ್ಮನಿಗೂ ಗೊತ್ತಿತ್ತು. ರೈಲಿನ ಸದ್ದು ಕೇಳದ ಕಡೆಗೆ ಕಳಿಸೋಣ ಅಂದರು.

ಹಾಗೆ ಬಂದದ್ದು ಕೊಕ್ಕರ್ಣೆಯ ಈ ಮನೆಗೆ. ಬ್ರಹ್ಮಾವರದಿಂದ ಒಳಗೆ, ಸುತ್ತ ಗದ್ದೆ. "ಇದ್ ಆಸ್ಪತ್ರಿ ಅಲ್ಲ, ಆಶ್ರಮವೂ ಅಲ್ಲ," ಎಂದಳು ಪ್ರಮೀಳಾ. "ಬಾಡ್ಗಿ ಮನಿ. ಹೊರ್ಗಿಂದ ಬೀಗ ಇಲ್ಲ, ಚಿಲ್ಕ ಒಳ್ಗಿಂದ ಮಾತ್ರ." ಹೊರಗೆ ಮಲಗಿ ಗೊತ್ತಿರುವ ಹೆಂಗಸರಿಗೆ ಆ ಮಾತಿನ ಅರ್ಥ ಬೇರೆ ಯಾರೂ ವಿವರಿಸಬೇಕಿಲ್ಲ. ಒಬ್ಬೊಬ್ಬರಿಗೆ ಒಂದು ಮಂಚ, ಗೋಡೆಯಲ್ಲಿ ಒಂದು ಮೊಳೆ. ಮೊಳೆ ಚೀಲ ತೂಗುಹಾಕುವುದಕ್ಕೆ. ನಾನು ಹಾಕಲಿಲ್ಲ. ಚೀಲ ತಬ್ಬಿಕೊಂಡು ಗೋಡೆಗೊರಗಿ ನಿದ್ದೆ ಮಾಡುತ್ತಿದ್ದೆ.

ನನಗಿಂತ ಮೊದಲು ಬಂದವರು ಇಬ್ಬರು. ಕೋಟದ ಕಡೆಯ ಗಿರಿಜಮ್ಮ, ದೇವಸ್ಥಾನದ ಅಡುಗೆಯ ಮನೆತನದವರು. ಕುಂದಾಪುರದ ಕೋಡಿಯ ಬೇಬಿ, ಮೀನು ಮಾರಿ ಬದುಕಿದವಳು, ನಮ್ಮೆಲ್ಲರಿಗಿಂತ ಕಿರಿಯಳು. ಅವರು ಬೀದಿಗೆ ಹೇಗೆ ಬಂದರು ಎಂಬುದು ಅವರ ಕಥೆ, ಬೇಕಿದ್ದರೆ ಅವರೇ ಹೇಳಿಯಾರು. ಅಡುಗೆಮನೆಯಲ್ಲಿ ಎರಡು ಒಲೆ, ಒಂದು ಮೀನಿಗೆ, ಒಂದು ಮೀನಿಲ್ಲದ್ದಕ್ಕೆ.

"ಬೇಬೀ, ನಿನ್ ಬಂಗ್ಡಿ ವಾಸ್ನಿ ನನ್ ಬದಿಗ್ ಬತ್ತಾ ಇತ್ತ್!"

"ವಾಸ್ನಿಗ್ ಬೇಲಿ ಹಾಕುಕಾತ್ತಾ ಗಿರ್ಜಮ್ಮ? ಮೂಗಿಗ್ ಬಟ್ಟಿ ಕಟ್ಕಣಿ."

ಇದು ದಿನಾ. ನಾನು ಬಾಗಿಲ ಹತ್ತಿರ ನಿಂತು ಬಟ್ಟಲು ಹಿಡಿದು ಉಣ್ಣುತ್ತಾ ಕೇಳುತ್ತಿದ್ದೆ. ಅವರು ಕೂರಿ ಅಂತ ಒತ್ತಾಯ ಮಾಡುತ್ತಿರಲಿಲ್ಲ. ಪ್ರಮೀಳಾ ಹೇಳಿಟ್ಟಿರಬೇಕು.

ಮಾತ್ರೆ ಕೆಲಸ ಮಾಡಿತು. ಬಾಯಿ ಒಣಗುತ್ತಿತ್ತು, ಬೆರಳು ನಡುಗುತ್ತಿತ್ತು, ನಿದ್ದೆ ಕಂಬಳಿಯ ಹಾಗೆ ಮೇಲೆ ಬೀಳುತ್ತಿತ್ತು. ಸ್ಟೇಶನ್ನಿನ ಅವಳ ದನಿ ದೂರವಾಯಿತು, ಯಾರೋ ರೇಡಿಯೋದ ಕಿವಿ ಹಿಂಡಿದ ಹಾಗೆ. ಕಡೆಗೆ ಅನೌನ್ಸ್‌ಮೆಂಟಿಗೆ ಮೊದಲು ಬರುವ ಆ ಟಿಂಗ್-ಟಾಂಗ್ ಮಾತ್ರ ಉಳಿಯಿತು. ಆಮೇಲೆ ಅದೂ ಇಲ್ಲ. ಎಲ್ಲರೂ ಸಂತೋಷಪಟ್ಟರು. ನನಗೆ ದುಃಖವಾಯಿತು. ಆಪ್ತರು ತೀರಿಕೊಂಡ ದುಃಖವೇ ಅದು. ಅದಕ್ಕೆ ಸಾಂತ್ವನ ಹೇಳಲು ಯಾರೂ ಬರುವುದಿಲ್ಲ.

ಅವಳನ್ನು ಹುಡುಕಿಕೊಂಡು ಒಂದು ದಿನ ಬಸ್ಸು ಹತ್ತಿದೆ. ಬ್ರಹ್ಮಾವರ, ಕುಂದಾಪುರ, ತಲ್ಲೂರು ಎಲ್ಲ ಕಿಟಕಿಯಲ್ಲಿ ಕರಗಿ ಹೋದವು. ಬೈಂದೂರಿನ ಬೆಂಚು ಹಾಗೇ ಇತ್ತು. ಅವಳು ಎಲ್ಲರಿಗೂ ಹೇಳುವುದನ್ನು ಹೇಳಿದಳು. ನನಗೆ ಏನೂ ಹೇಳಲಿಲ್ಲ. ಸಂಜೆಯ ಹೊತ್ತಿಗೆ ಪ್ರಮೀಳಾ ಬಂದು ಪಕ್ಕದಲ್ಲಿ ಕೂತಳು.

"ಟ್ರೇನ್ ಬಂತಾ?"

"ಲೇಟ್."

"ಹಂಗಾರೆ ಮನಿಗ್ ಹೋಯ್ ಕಾಂಬ."

ಎರಡನೇ ಸಲ ಹೋಗುವ ಮೊದಲು ಮಾತ್ರೆ ಬಿಟ್ಟಿದ್ದೆ, ಅವಳು ಮಾತಾಡಲಿ ಅಂತ. ಮಾತಾಡಿದಳು. ಆದರೆ ಮಳೆ, ಜ್ವರ. ಆಟೋ ನಿಲ್ಲುವ ಮರದಡಿಯಿಂದ ನನ್ನನ್ನು ಎತ್ತಿಕೊಂಡೇ ಹೋಗಬೇಕಾಯಿತು.

ಆಗ ಡಾಕ್ಟ್ರಮ್ಮ ಮಂಚದ ತುದಿಯಲ್ಲಿ ಕೂತು ಹೇಳಿದರು: "ಸುಗುಣಮ್ಮ, ಇನ್ನೊಂದು ಮಳೆಗಾಲವನ್ನು ಹೊರಗೆ ನಿಮ್ಮ ಶ್ವಾಸಕೋಶ ತಡೆಯುವುದಿಲ್ಲ. ಮನೆಯ ಆ ಮಂಚ ನಿಮ್ಮದು. ಇರುತ್ತೇನೆ ಅಂದರೆ ಎಷ್ಟು ಕಾಲವಾದರೂ ನಿಮ್ಮದೇ. ಬೇಡ ಅಂದರೆ ಫೋರ್ಸ್ ಇಲ್ಲ. ಅದಕ್ಕಾಗಿ ವಾರ್ಡಿನಲ್ಲಿ ಕಾಯುತ್ತಿರುವ ಇನ್ನೊಬ್ಬರಿಗೆ ಕೊಡುತ್ತೇವೆ. ಹೊಸ್ತು ಕಳೆದ ಮೇಲೆ ಹೇಳಿ."

ಹೊಸ್ತು ಅಂದರೆ ನಮ್ಮ ಕಡೆ ಹೊಸ ಭತ್ತದ ಊಟ. ಗದ್ದೆಯಲ್ಲಿ ತೆನೆ ಬಲಿತಾಗ ಆ ತೆನೆಯನ್ನೇ, ಅಂದರೆ ಕದಿರನ್ನು, ತಂದು ಪೂಜೆ ಮಾಡಿ, ಮಾವು-ಹಲಸು-ಬಿದಿರಿನ ಎಲೆಗಳ ಜೊತೆ ನಾರಿನಲ್ಲಿ ಸುತ್ತಿ, ಮನೆಯ ಒಂದೊಂದು ವಸ್ತುವಿಗೂ ಕಟ್ಟುತ್ತಾರೆ. ಬಾಗಿಲಿಗೆ, ಅಕ್ಕಿ ಡಬ್ಬಕ್ಕೆ, ಅರೆಯುವ ಕಲ್ಲಿಗೆ, ಬಾವಿಯ ರಾಟೆಗೆ, ತೆಂಗಿನ ಮರಕ್ಕೆ. ನಮ್ಮದು ಅಂತ ಇರುವುದಕ್ಕೆಲ್ಲ ಕದಿರು. ಮನೆಯಿಲ್ಲದ ವರ್ಷಗಳಲ್ಲಿ ಆ ಹಬ್ಬ ನಮ್ಮ ಮೂವರ ಮೇಲೂ ಸದ್ದಿಲ್ಲದೆ ದಾಟಿ ಹೋಗಿತ್ತು.

ಆ ವರ್ಷ ಹೊಸ್ತಿನ ಬೆಳಿಗ್ಗೆ ಎಚ್ಚರವಾದಾಗ, ಮಾತ್ರೆ ಸರಿಯಾಗಿಯೇ ನುಂಗಿದ್ದರೂ, ಕಿವಿಯ ಹಿಂದೆ ತೆಳ್ಳಗೆ ಟಿಂಗ್-ಟಾಂಗ್. "ಸುಗುಣಾ ಡಿಯರ್. ನಿನ್ನ ಟ್ರೇನ್ ಬರ್ತಾ ಇದೆ. ಪ್ಲಾಟ್‌ಫಾರ್ಮ್ ನಂಬರ್ ಒನ್." ಲೇಟ್ ಅನ್ನಲಿಲ್ಲ. ಮೊದಲ ಸಲ, ಬರುತ್ತಿದೆ ಅಂದಳು.

ಸೀರೆ, ಸ್ಟೀಲಿನ ಲೋಟ, ಗಂಡನ ಫೋಟೋ ಚೀಲಕ್ಕೆ ಹಾಕಿದೆ. ಮುಖ ತೊಳೆದು ಬರೋಣ ಅಂತ, ಕೈ ಖಾಲಿ ಮಾಡಿಕೊಳ್ಳಲು, ಚೀಲವನ್ನು ಮೊಳೆಗೆ ತೂಗುಹಾಕಿದೆ. ಆ ಮನೆಗೆ ಬಂದ ಮೇಲೆ ಮೊದಲ ಸಲ. ಬೀಚ್ ಕಡೆಗೋ ಎಲ್ಲಿಗೋ ಹೊರಟವಳ ಹಾಗೆ ಹಗುರಾಗಿ ಬಾವಿಗೆ ಹೋದೆ.

ಬಾವಿಕಟ್ಟೆಯಿಂದ ಗದ್ದೆ ಕಾಣುತ್ತದೆ. ಮಂಜಿನಲ್ಲಿ ಬೇಬಿ ಸೊಂಟ ಬಗ್ಗಿಸಿ ಪಕ್ಕದವರ ಗದ್ದೆಯಿಂದ ಕದಿರು ಕೊಯ್ಯುತ್ತಿದ್ದಳು.

"ಬೇಬಿ! ದಟ್ ಈಸ್ ಸ್ಟೀಲಿಂಗ್!" ಕಾನ್ವೆಂಟಿನವಳ ಬಾಯಿ ಸುಮ್ಮನಿರುತ್ತದೆಯೇ.

"ಕದ್ರ್ ಕೇಂಡ್ ತಪ್ಪುಕಾಗ ಇಂಗ್ಲಿಷಮ್ಮ, ಕದ್ದೇ ತರ್ಕ್ ಅಂಬ್ರ್!" ಸ್ವಂತ ಗದ್ದೆ ಇಲ್ಲದವರು ಹೊಸ್ತಿಗೆ ಇನ್ನೊಬ್ಬರ ಗದ್ದೆಯಿಂದ ಹೇಳದೆ ತರುವುದು ರೂಢಿ. ಗಂಗೊಳ್ಳಿಯ ಮೀನಿನ ಮನೆಯಲ್ಲಿ ನನ್ನ ಅಬ್ಬಿಯೂ, ಅಂದರೆ ಅಮ್ಮನೂ, ಹಾಗೇ ತರುತ್ತಿದ್ದದ್ದು ಆಗ ನೆನಪಾಯಿತು, ಸೆರಗಿನಲ್ಲಿ ಮುಚ್ಚಿಕೊಂಡು, ನಗುತ್ತಾ.

ಅಷ್ಟರಲ್ಲಿ ಗದ್ದೆಯ ಯಜಮಾನರು ಆಚೆ ಅಂಚಿನಲ್ಲಿ ಕಾಣಿಸಿಕೊಂಡರು. ನಮ್ಮನ್ನು ತಲೆ ಕೆಟ್ಟ ಹೆಂಗಸರು ಅಂತ ದೂರದಿಂದಲೇ ನೋಡುತ್ತಿದ್ದ ಮನುಷ್ಯ. ಬೇಬಿ ಹಾಗೇ ಕಲ್ಲಾದಳು.

"ಹ್ವಾಯ್!" ಅಂದರು. "ಅದ್ ಹೊಟ್ಟ್ ಮಾರಾಯ್ತಿ, ಕಾಳಿಲ್ಲ. ಈ ಬದಿದ್ ಕೊಯ್ಕೋ. ನಾನ್ ಕಂಡಿಲ್ಲ, ಹೋತೆ." ಬೆನ್ನು ತಿರುಗಿಸಿ ನಡೆದೇ ಬಿಟ್ಟರು.

ನಾನು ಬಹಳ ಹೊತ್ತು ಬಾವಿಕಟ್ಟೆಯಲ್ಲಿ ಇದ್ದೆ ಅನಿಸುತ್ತದೆ. ನೀರಿನಲ್ಲಿ ಆಕಾಶ ಇತ್ತು. ಒಳಗೆ ಬಂದಾಗ ಬೇಬಿ ಕೆಲಸ ಮುಗಿಸಿದ್ದಳು. ಬಾಗಿಲಿಗೆ ಕದಿರು, ಎರಡೂ ಒಲೆಗಳ ಪಕ್ಕ ಕದಿರು, ಮಾತ್ರೆಯ ಡಬ್ಬಕ್ಕೂ ಒಂದು ಪುಟ್ಟ ಕದಿರು. ಮತ್ತು ಮೊಳೆಯಲ್ಲಿ ತೂಗುತ್ತಿದ್ದ ನನ್ನ ಚೀಲದ ಹಿಡಿಗೆ, ಹಸಿರು ಎಲೆ ಸುತ್ತಿದ ಒಂದು ಕದಿರು.

"ಏ ಬೇಬಿ, ಎಂತ ಮಾಡ್ದೆ ನೀನ್?" ಸಿಟ್ಟಿನಲ್ಲಿ ನನ್ನ ಬಾಯಿಯಿಂದ ಊರಿನ ಮಾತೇ ಬಂತು. "ಅದ್ ನನ್ ಚೀಲ!"

ಬೇಬಿ ಗಾಬರಿಯಾದಳು. "ಗೋಡಿಗ್ ನೇತಾಡ್ತಾ ಇತ್ತಲೆ... ಮನಿ ಸಾಮಾನ್ ಅಂದೇಳಿ ಗ್ರೇಶ್ದೆ."

"ಬಿಚ್ಚು."

"ಕಟ್ಟಿದ್ ಕದ್ರ್ ಬಿಚ್ಚುಕಿಲ್ಲ," ಎಂದರು ಗಿರಿಜಮ್ಮ ಒಳಗಿಂದ. "ತನ್ನಷ್ಟಕ್ ಒಣ್ಗಿ ಬೀಳ್ಕ್. ಬನಿ, ಎಲಿ ಹಾಕ್ದೆ."

ಪ್ರಮೀಳಾ ಬಂದಿದ್ದಳು, ಅವಳ ಮನೆಯ ಹೊಸ್ತು ಇನ್ನೊಂದು ದಿನವಂತೆ. ನಾಲ್ಕು ಬಾಳೆ ಎಲೆ. ಹೊಸ ಅಕ್ಕಿಯ ಕಾಳು ಬಿದ್ದ ಪಾಯಸ, ಕಾಯಿಹಾಲಿನ ಪರಿಮಳ. ಮೂವರೂ ಕೂತರು. ನಾನು ಬಾಗಿಲಲ್ಲಿ, ನನ್ನ ಜಾಗದಲ್ಲಿ, ನಿಂತೆ. ಕಿವಿಯೊಳಗೆ ಅವಳು: "ಪ್ಲಾಟ್‌ಫಾರ್ಮ್ ನಂಬರ್ ಒನ್. ರೆಡಿ ಟು ಡಿಪಾರ್ಟ್."

ಯಾರೂ ಉಣ್ಣಲಿಲ್ಲ.

"ಎಂತ, ಶುರು ಮಾಡಿ," ಅಂದೆ.

"ಹೆಂಗ್ ಮಾಡುದ್?" ಬೇಬಿ ಅಂದಳು. "ದೊಡ್ಡೋರತ್ರ ಹೇಳ್ದೆ ಹೊಸ್ತ್ ಉಂಬುದಾ?"

ಅದನ್ನು ನಾನು ಮರೆತೇಬಿಟ್ಟಿದ್ದೆ. ಕಿರಿಯರು ಹಿರಿಯರಿಗೆ "ಹೊಸ್ತ್ ಉಂತೆ" ಅನ್ನಬೇಕು, ಹಿರಿಯರು "ಉಣ್ಣು" ಅನ್ನಬೇಕು. ಅಲ್ಲಿಯವರೆಗೆ ಎಲೆಗೆ ಕೈ ಹೋಗುವುದಿಲ್ಲ.

"ಗಿರಿಜಮ್ಮ ಇದ್ದಾರಲ್ಲ, ಅವರಿಗೆ ಹೇಳಿ."

"ನಾನಾ?" ಗಿರಿಜಮ್ಮ ಬೆನ್ನು ನೆಟ್ಟಗೆ ಮಾಡಿದರು. "ನಾನ್ ನಿಮ್ಗಿಂತ ಎಷ್ಟೋ ಸಣ್ಣೋಳ್! ಕೂದ್ಲ್ ಬಿಳಿ ಆದ್ದ್ ಒಲಿ ಹೊಗಿಗ್."

"ಎಕ್ಸ್‌ಕ್ಯೂಸ್ ಮಿ, ನನಗೇನು ಅಷ್ಟು ವಯಸ್ಸಾಗಿಲ್ಲ."

"ಇಬ್ರೂ ಹದ್ನೆಂಟೇ ಆಯ್ಲಿ," ಎಂದಳು ಬೇಬಿ, "ಪಾಯ್ಸ ತಣ್ಕಂಡ್ ಹೋತಾ ಇತ್ತ್."

ಗಿರಿಜಮ್ಮ ನನ್ನನ್ನೇ ನೋಡಿದರು. "ನೀವ್ ದೋಣಿಯಗ್ ಶಾಲಿಗ್ ಹೋತಿದ್ರಿ ಅಂದೇಳಿ ಹೇಳಿದ್ರಲೆ. ಅಷ್ಟೊತ್ತಿಗ್ ನಾನ್ ತೊಟ್ಲಗ್ ಇದ್ದಿರ್ಕ್. ಈ ಮನಿಗ್ ನೀವೇ ದೊಡ್ಡೋರ್." ಆಮೇಲೆ ಕೈಗಳನ್ನು ಮಡಿಲಲ್ಲಿಟ್ಟು ತಲೆ ತಗ್ಗಿಸಿದರು. "ಹೊಸ್ತ್ ಉಂತೆ."

"ಹೊಸ್ತ್ ಉಂತೆ," ಬೇಬಿ.

"ಹೊಸ್ತ್ ಉಂತೆ, ಅಮ್ಮ," ಪ್ರಮೀಳಾ.

ಮೂವರ ಕೈಗಳೂ ಎಲೆಯ ಪಕ್ಕದಲ್ಲಿ. ಹೊರಗೆ ಗಾಳಿಗೆ ಗದ್ದೆ ಸರಿಯುವ ಸದ್ದು, ಹಳದಿ ನೀರಿನ ಹಾಗೆ. ನನ್ನ ಕಿವಿಯೊಳಗೆ ರೈಲು ಶಿಳ್ಳೆ ಹಾಕಿತು. ಯಾವ ರೈಲೂ ಯಾರನ್ನೂ ಕಾಯುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಈ ಮೂವರು ಹಸಿದು ಕಾಯುತ್ತಿದ್ದರು. ಒಬ್ಬಳು ಕದ್ದ ಕದಿರು, ಒಬ್ಬರು ಹೊಗೆಯಲ್ಲಿ ಬೇಯಿಸಿದ್ದು, ಅದೆಲ್ಲ ನನ್ನ ಒಂದು ಮಾತಿಗಾಗಿ ತಣಿಯುತ್ತಿತ್ತು. ಇದನ್ನು ಹಿಂದೆ ಎಲ್ಲೋ ಕಂಡಿದ್ದೆ. ಮರಳು, ಕೈಯಲ್ಲಿ ಬಿಳಿ ಶೂಸ್, ನಾನು ಲೇಟ್. ದೋಣಿ ತುಂಬ ಜನ ನನ್ನ ಕಡೆಗೇ ನೋಡುತ್ತಾ. ಊರಿದ ಗಳ, ಅದರ ಸುತ್ತ ನೀರಿನ ಸುಳಿ.

ಹೆಣ್ ಬರ್ಲಿ.

ಮೊಳಕಾಲು ನೋಯುತ್ತಿತ್ತು. ಗೋಡೆ ಹಿಡಿದು, ಮೆಲ್ಲಗೆ, ನಾಲ್ಕನೇ ಎಲೆಯ ಮುಂದೆ ಕೂತೆ. "ಉಣ್ಣಿ ಮಕ್ಳೇ," ಅಂದೆ. ಗಿರಿಜಮ್ಮನಿಗೂ ಸೇರಿ.

ರೈಲು ಹೋಯಿತು. ಹೋದದ್ದು ಕೇಳಿಸಿತು, ಸುಳ್ಳು ಹೇಳುವುದಿಲ್ಲ. ಡಬ್ಬಿಯ ಹಿಂದೆ ಡಬ್ಬಿ, ಬಹಳ ಹೊತ್ತು. ಅಷ್ಟೂ ಹೊತ್ತು ಎಲೆಯ ಅಂಚನ್ನು ಒತ್ತಿ ಹಿಡಿದಿದ್ದೆ. ಪ್ರಮೀಳಾ ಅದನ್ನು ಕಾಣದ ಹಾಗೆ ಉಣ್ಣುತ್ತಿದ್ದಳು. ಪಾಯಸದಲ್ಲಿ ಹೊಸ ಕಾಳು ಹಲ್ಲಿಗೆ ಸಿಕ್ಕಿತು, ಹಸಿಹಸಿ, ಹಾಲಿನ ರುಚಿ. ಆಮೇಲೆ ಕೈ ತೊಳೆಯುವಾಗ ಪ್ರಮೀಳಾ, "ಡಾಕ್ಟ್ರಮ್ಮಂಗ್ ಎಂತ ಹೇಳುದ್?" ಅಂದಳು.

"ವಾರ್ಡಿನಲ್ಲಿ ಕಾಯ್ತಾ ಇದ್ದಾರಲ್ಲ, ಅವರಿಗೆ ಬೇರೆ ಮಂಚ ನೋಡಲಿಕ್ಕೆ ಹೇಳು," ಅಂದೆ. "ನಮ್ಮ ಕೋಣೆಯಲ್ಲಿ ಕಿಟಕಿ ಪಕ್ಕ ಜಾಗ ಉಂಟು. ಮೊಳೆ ಹೊಡೆದರೆ ಆಯ್ತು."

ಈಗ ಅವರೂ ಇಲ್ಲಿದ್ದಾರೆ. ನಾನು ಗುಣವಾದೆ ಅಂತ ಹೇಳಲಾರೆ. ಮಾತ್ರೆ ಇದೆ, ನಡುಕ ಇದೆ, ಕುಂದಾಪುರದ ಆ ವೇಟಿಂಗ್ ರೂಮ್ ಇದೆ. ಅಲ್ಲಿ ಈಗ ನಾನು ಪಕ್ಕದವರ ಮುಖ ನೋಡುತ್ತೇನೆ, "ನಿಮಗೆಂತ?" ಅಂತ ಕೇಳುತ್ತೇನೆ. ಕೆಲವರು ಎದ್ದು ಬೇರೆ ಕಡೆ ಹೋಗುತ್ತಾರೆ. ಕೆಲವರು ಹೇಳುತ್ತಾರೆ. ಚೀಲ ಮೊಳೆಯಲ್ಲೇ ಇದೆ. ಕದಿರು ಒಣಗಿ ಹುಲ್ಲಿನ ಬಣ್ಣಕ್ಕೆ ಬಂದಿದೆ, ಕಾಳುಗಳನ್ನು ಗುಬ್ಬಿ ಒಯ್ದಾಯಿತು. ಇನ್ನೂ ಬಿದ್ದಿಲ್ಲ.

ಒಮ್ಮೊಮ್ಮೆ, ಎಲೆ ಎತ್ತಿ ನೆಲ ಒರೆಸಿದ ಮೇಲೆ ಜಗಲಿಯಲ್ಲಿ ಕೂತಿರುವಾಗ, ಬಹಳ ದೂರದಿಂದ ಅವಳು ಬರುತ್ತಾಳೆ. ಟಿಂಗ್-ಟಾಂಗ್. "ಸುಗುಣಾ ಡಿಯರ್..." ನಾನು ಮೊದಲಿನ ಹಾಗೆ ಎದ್ದು ನಿಲ್ಲುವುದಿಲ್ಲ, ಬೈದು ಓಡಿಸುವುದೂ ಇಲ್ಲ. ನಮ್ಮೂರಲ್ಲಿ ಬಂದವರನ್ನೆಲ್ಲ ಕೇಳುವುದನ್ನೇ ಅವಳನ್ನೂ ಕೇಳುತ್ತೇನೆ.

"ಊಟ ಆಯ್ತಾ?"

ಅವಳು ಸುಮ್ಮನಾಗುತ್ತಾಳೆ. ಪಾಪ, ಇಷ್ಟು ವರ್ಷದಲ್ಲಿ ಅವಳನ್ನು ಹಾಗೆ ಯಾರೂ ಕೇಳಿದಂತಿಲ್ಲ.